ಕೊಲೆಗಾರರಿಗೆ ಊರಿನ ಹೆಸರಿಟ್ಟವರು

ಸತ್ತವರ ಒಳ್ಳೆಯದನ್ನಷ್ಟೇ ಆಡಬೇಕು ಎಂದು ನಮ್ಮ ಆಯಿ ಹೇಳುತ್ತಿದ್ದಳು. ಆಡುತ್ತೇನೆ. ಆದರೆ ನಮ್ಮ ಮೇಡಂ ಅವರ ಒಳ್ಳೆಯತನ ಹೇಳಬೇಕೆಂದರೆ ಅವರು ಯಾರ್ಯಾರನ್ನು ಹೊಡೆದರು ಎಂಬಲ್ಲಿಂದಲೇ ಶುರು ಮಾಡಬೇಕಾಗುತ್ತದೆ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಯ್ಯ ಶಿವನೇ, ಆ ಬಡದಾಡೋ ಮೇಡಂ ಏನ್ರಿ?" ಎಂದಳು. ಹೌದು, ಅವರೇ.

ಅವರು ಬೇಳೆಕಾಳು ಬೆಳೆಗಳ ರೋಗ ನೋಡುವ ವಿಜ್ಞಾನಿ. ನಾನು ಅವರ ಜೀಪಿನ ಡ್ರೈವರು. ವಯಸ್ಸಿನಲ್ಲಿ ನಾನು ಹಿರಿಯ. ಅದಕ್ಕೆ ನನ್ನನ್ನು ಕಾಕಾ ಎನ್ನುತ್ತಿದ್ದರು, ಬೈಯುವಾಗಲೂ ಕಾಕಾ ಎಂದೇ ಬೈಯುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಕಡಲೆ ಹೊಲಗಳನ್ನು ನಾವಿಬ್ಬರೂ ಹದಿನೈದು ವರ್ಷ ಸುತ್ತಿದೆವು. ಸುತ್ತಿದ್ದು ಬೆಳೆ ನೋಡಲಿಕ್ಕಲ್ಲ, ಹೆಣ ನೋಡಲಿಕ್ಕೆ.

ಕಡಲೆ ಕಾಯಿಗಟ್ಟುವ ಹೊತ್ತಿಗೆ ಬಿಸಿಲು ಏರುತ್ತದೆ, ಕರಿ ಮಣ್ಣು ಬಿರಿಯುತ್ತದೆ. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ನಿಂತಲ್ಲೇ ಸತ್ತಿರುತ್ತದೆ. ರೈತರು ಸಿಡಿ ಹೊಡೆಯಿತು ಎನ್ನುತ್ತಾರೆ. ಅಂಥ ಗಿಡದ ಕುತ್ತಿಗೆ ಹಿಡಿದು ಎಳೆದರೆ ಅರ್ಧ ಬೇರು ಕೈಗೆ ಬರುತ್ತದೆ. ಉಳಿದರ್ಧ ಲಟಕ್ಕನೆ ಮುರಿದು ಮಣ್ಣಿನಲ್ಲೇ ಉಳಿಯುತ್ತದೆ. ಮೇಡಂಗೆ ಬೇಕಾದದ್ದು ಒಳಗೆ ಉಳಿದ ಅರ್ಧ. ಅದನ್ನು ಸ್ಕ್ರೂಡ್ರೈವರಿನಿಂದ ಬಗೆದು ತೆಗೆಯಬೇಕು. ಮೊದಲ ದಿನ ನಾನು ಕೈಗೆ ಬಂದ ತುಂಡನ್ನೇ ಅವರ ಮುಂದೆ ಹಿಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ನನ್ನ ಗೆಣ್ಣಿಗೆ ಒಂದು ಬಿತ್ತು.

"ಕೊಲಿ ಆದ ಮನಿಗಿ ಹೋಗಿ ಬಾಗಲಾ ನೋಡಿ ಬರ್ತೀರೇನ್ರಿ ಕಾಕಾ? ಕೊಂದಂವ ಒಳಗ ಕುಂತಾನ!"

ಗೆಣ್ಣು ಎರಡು ದಿನ ಬಾತಿತ್ತು. ಬಗೆದು ತೆಗೆದ ಬೇರನ್ನು ಅವರು ಉಗುರಿನಿಂದ ಸೀಳಿ ತೋರಿಸಿದರು. ತೊಗಟೆಯ ಕೆಳಗೆ ಮೆಣಸು ಕುಟ್ಟಿ ಉದುರಿಸಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಅದೇ ಬೇರು ಕೊಳೆಸುವ ಬೂಷ್ಟು. ಬೆಳೆ ಹೋದರೂ ಅದು ಹೋಗುವುದಿಲ್ಲ, ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತ ಬಿದ್ದಿರುತ್ತದೆ.

ಮೇಡಂ ಯಾವುದನ್ನೂ ಮೆಲ್ಲಗೆ ಮಾಡಿದ್ದನ್ನು ನಾನು ಕಾಣೆ. ಜೀಪಿನ ಬಾಗಿಲು ಹಾಕಿದರೆ ಹಕ್ಕಿ ಹಾರಬೇಕು. ಊಟದ ಹೊತ್ತಿಗೆ ಬಾನೆಟ್ ಮೇಲೆ ಉಳ್ಳಾಗಡ್ಡಿ ಇಟ್ಟು ಬಲಗೈಯಿಂದ ಒಂದೇ ಗುದ್ದು. ಅದು ಒಡೆದು ನಾಲ್ಕಾಗುತ್ತಿತ್ತು, ಬಾನೆಟ್ ತಗ್ಗು ಬಿದ್ದಿತ್ತು. ಆ ತಗ್ಗಿಗೆ ಕಚೇರಿಯಲ್ಲಿ ನಾನು ಹೇಳಿದ ಸುಳ್ಳುಗಳು ನನಗೇ ನೆನಪಿಲ್ಲ.

ಒಂದೇ ಬೂಷ್ಟು ಎಲ್ಲ ಊರಲ್ಲೂ ಒಂದೇ ರೀತಿ ಕೊಲ್ಲುವುದಿಲ್ಲ ಎಂಬುದು ಅವರ ಹಟ. ಮೇಲಿನವರು ನಗುತ್ತಿದ್ದರು. ಅದಕ್ಕೇ ಇವರು ಊರೂರಿನ ಬೇರು ತಂದು, ಆಲೂಗಡ್ಡೆ ಗಂಜಿಯಿಂದ ಮಾಡಿದ ಒಂದು ತರಹದ ಹಾಲುಬಾಯಿಯ ಮೇಲೆ ಬೂಷ್ಟನ್ನು ಬೆಳೆಸಿ, ಗಾಜಿನ ಕೊಳವೆಗಳಲ್ಲಿ ಸಾಕುತ್ತಿದ್ದರು. ಆಳಂದ ಕಡೆಯ ಸರಸಂಬಾದ್ದು ಬೂದಿಬಣ್ಣ, ಸೋಮಾರಿ. ಜೇವರ್ಗಿ ಕಡೆಯದು ನಾಲ್ಕು ದಿನಕ್ಕೆ ಮಸಿ. ಅಫಜಲಪುರ ಕಡೆಯ ಕರಜಗಿಯದಂತೂ ಹಚ್ಚಿದ ಮರುದಿನವೇ ಕೊಳವೆಯ ಗೋಡೆ ಹತ್ತುತ್ತಿತ್ತು. ಒಳ್ಳೆಯ ಕಡಲೆ ಸಸಿಗಳ ಬೇರನ್ನು ಆ ಬೂಷ್ಟಿನ ನೀರಲ್ಲಿ ಅದ್ದಿ, ಒದ್ದೆ ಕಾಗದದಲ್ಲಿ ಸುತ್ತಿ, ಬಿಸಿ ಪೆಟ್ಟಿಗೆಯಲ್ಲಿಟ್ಟು ಎಂಟನೇ ದಿನ ಬಿಚ್ಚುತ್ತಿದ್ದರು. ಯಾವುದು ಎಷ್ಟು ಸಸಿ ಕೊಂದಿತು ಎಂಬುದೇ ಅದರ ಜಾತಕ.

"ಒಂದ ತಾಯಿ ಮಕ್ಕಳಂಗ ಕಾಣ್ತಾರ್ರಿ ಕಾಕಾ," ಎನ್ನುತ್ತಿದ್ದರು ಸತ್ತ ಸಸಿಗಳನ್ನು ಬಿಚ್ಚುತ್ತ. "ಒಬ್ಬಂವ ಬಡದು ಕೊಲ್ತಾನ, ಒಬ್ಬಂವ ನಕ್ಕೋತ ಕೊಲ್ತಾನ. ಯಾವಂವ ಯಾವ ಊರಾಗ ಅದಾನಂತ ತಿಳೀಲಾರದ ಬೀಜಾ ಕೊಟ್ರ ನಾವೂ ಕೊಲೆಗಾರರೇ."

ಅವರಿಗೆ ಬೇಕಾಗಿದ್ದದ್ದು ಒಂದೇ: ಆ ಕರಜಗಿಯವನ ಎದುರು ನಿಲ್ಲುವ ಒಂದು ಕಡಲೆ.

ಜೇವರ್ಗಿಯ ಕಥೆ ಹೇಳದಿದ್ದರೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ. ಅಲ್ಲೊಬ್ಬ ಗೊಬ್ಬರದ ಅಂಗಡಿಯವ ಬೀಜಕ್ಕೆ ಲೇಪಿಸುವ ಹಸಿರು ಪುಡಿ ಮಾರುತ್ತಿದ್ದ. ಕೆಟ್ಟ ಬೂಷ್ಟನ್ನು ತಿನ್ನುವ ಒಳ್ಳೆಯ ಬೂಷ್ಟು ಅದರಲ್ಲಿರಬೇಕು. ಮೇಡಂ ಒಂದು ಚಿಟಿಕೆ ತಂದು ಬೆಳೆಸಿ ನೋಡಿದರೆ ಏನೂ ಹುಟ್ಟಲಿಲ್ಲ; ಬರೀ ಸುಣ್ಣದ ಪುಡಿಗೆ ಬಣ್ಣ. ಮರುವಾರ ಅಂಗಡಿಗೆ ನಡೆದರು. "ಇದರಾಗ ಜೀವ ಎಲ್ಲದನೋ?" ಎಂದು ಕೇಳಿದರು. ಅವನು ಕುರ್ಚಿ ಬಿಟ್ಟೇಳದೆ, "ಜೀವ ಇರೂದು ನಂಬಿಗ್ಯಾಗರಿ ಮೇಡಂ," ಎಂದು ನಕ್ಕ. ಮುಂದಿನದು ನಾನು ಜೀಪಿನಿಂದಲೇ ನೋಡಿದ್ದು: ಅವನ ಹಿಂದಲೆ ಹಿಡಿದು ಮುಖವನ್ನು ಚೀಲದೊಳಗೆ ಒತ್ತಿದರು. ಎದ್ದಾಗ ಅವನ ಮೋತಿ ಗಿಣಿಯಂತಾಗಿತ್ತು. ಅವನ ಕಡೆಯ ಹಮಾಲರು ಕಲ್ಲು ಎತ್ತಿದರು. ಜೀಪಿನ ಗಾಜು ಹೋಯಿತು, ಮೇಡಂ ಅವರ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಅವರು ಅದೇ ಕಲ್ಲು ಎತ್ತಿ ತಿರುಗಿ ಒಗೆದರು. ಗುರಿ ತಪ್ಪಲಿಲ್ಲ. ಕಚೇರಿಯಿಂದ ನೋಟೀಸು ಬಂತು. ಅವರು ಬರೆದ ಉತ್ತರವನ್ನು ಟಪ್ಪಾಲಿಗೆ ಹಾಕಿದವನು ನಾನೇ. ಎರಡೇ ಸಾಲು: ಹೊಡೆದದ್ದು ನಿಜ. ಪುಡಿ ಸುಳ್ಳು.

ಇನ್ನು ದೊಡ್ಡ ಹೊಡೆದಾಟಕ್ಕೆ ಬರುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಪ್ರತಿ ಕೊಳವೆಗೂ ಚೀಟಿ ಅಂಟಿಸಿ ಊರು, ಹೊಲದ ಯಜಮಾನನ ಹೆಸರು ಬರೆಯುವುದು ಪದ್ಧತಿ. ಬಹಳ ಕೆಟ್ಟ ಬೂಷ್ಟಿನ ಕೊಳವೆಗೆ ಗುರುತಾಗಿ ಏನಾದರೂ ಕಟ್ಟಿ ಎಂದು ಮೇಡಂ ಹೇಳಿದ್ದರು. ರಬ್ಬರ್ ಬ್ಯಾಂಡ್ ಮುಗಿದಿದ್ದವು. ನನ್ನ ಜೀಪಿನ ಡಬ್ಬಿಯಲ್ಲಿ ಕೆಂಪು ದಾರದ ಉಂಡೆ ಇತ್ತು, ಅದನ್ನೇ ಕಟ್ಟಿದೆ. ಕರಜಗಿಯ ಕೊಳವೆಯ ಮೇಲೆ ಗುರಪ್ಪ ಎಂದು ಬರೆದಿತ್ತು. ಗುರಪ್ಪ ಅಲ್ಲಿನ ರೈತರು. ಹೊಲದ ಬದುವಿನ ಮೇಲೆ ಕೂರಿಸಿ ನಮಗೆ ಮಜ್ಜಿಗೆ ಕುಡಿಸಿ, ಸತ್ತ ಗಿಡಗಳನ್ನು ತಾವೇ ತೋರಿಸಿದ್ದರು. ಮುಂದಿನ ವರ್ಷ ಅದೇ ಹೊಲದಲ್ಲಿ, ಅದೇ ಬದುವಿನ ಮೇಲೆ ಎದೆ ಹಿಡಿದುಕೊಂಡು ಬಿದ್ದವರು ಏಳಲಿಲ್ಲ. ನಮಗೆ ಅದು ಗೊತ್ತಿರಲಿಲ್ಲ.

ರೈತರನ್ನು ನಮ್ಮ ಸಂಶೋಧನಾ ಕೇಂದ್ರಕ್ಕೆ ಕರೆಸಿ ತೋರಿಸುವ ದಿನ ಗುರಪ್ಪನವರ ಮಗ ಮಲ್ಲಣ್ಣ ಬಂದ. ಹೊರಗೆ ಬೀಜ, ಗೊಬ್ಬರ ನೋಡಿ ಒಳಗೆ ಬಂದವನು ಕೊಳವೆಗಳ ಸಾಲಿನ ಮುಂದೆ ನಿಂತುಬಿಟ್ಟ. ಗಾಜಿನೊಳಗೆ ಕಾಡಿಗೆಯಂಥ ಕಪ್ಪು, ಕೊರಳಿಗೆ ಕೆಂಪು ದಾರ, ಮೇಲೆ ಸತ್ತ ತಂದೆಯ ಹೆಸರು. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಅದನ್ನು ನೋಡಿದರೆ ಏನನ್ನಿಸುತ್ತದೆ?

"ಮೇಡಂ," ಎಂದ ಅವನು, "ಇದು ನಮ್ಮಪ್ಪನ ಹೆಸರೇನ್ರಿ?"

ಮೇಡಂ ಏನೋ ತೂಗುತ್ತಿದ್ದವರು ತಲೆ ಎತ್ತದೆ, "ಹೌದು, ಗುರಪ್ಪಂದು. ಮುಟ್ಟಬ್ಯಾಡ. ಅದರಾಗ ಕೊಲೆಗಾರ ಅದಾನ, ಇನ್ನಾ ಜೀವಂತ ಅದಾನ," ಎಂದರು.

ಅವರು ಹೇಳಿದ್ದು ವಿಜ್ಞಾನ. ಅವನು ಕೇಳಿಸಿಕೊಂಡದ್ದು ತಪ್ಪೊಪ್ಪಿಗೆ. ನಾನು ಬಾಗಿಲಲ್ಲೇ ಇದ್ದೆ. ಬಾಯಿ ತೆಗೆದು ನಾಲ್ಕು ಮಾತು ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ಟ್ರಾಕ್ಟರಿನಲ್ಲಿ ಹತ್ತು ಹನ್ನೆರಡು ಜನ ಬಂದರು. ಕೈಯಲ್ಲಿ ಬಡಿಗೆ, ಕೊಡಲಿಯ ಕಾವು. "ಮಾಟಗಿತ್ತಿ ಎಲ್ಲದಾಳ?" ಎಂದು ಮಲ್ಲಣ್ಣ ಕೂಗಿದ ದನಿಗೆ ಕಚೇರಿಯ ಗುಮಾಸ್ತರು ಮೇಜಿನ ಕೆಳಗೆ ಹೋದರು. ಮೊದಲ ಏಟು ಬಿಸಿ ಪೆಟ್ಟಿಗೆಗೆ ಬಿತ್ತು. ಎರಡನೆಯದು ಕೊಳವೆಗಳ ಸಾಲಿಗೆ. ಗಾಜು ಒಡೆಯುವ ಸಪ್ಪಳ ನಿಲ್ಲಲೇ ಇಲ್ಲ. ಮೂರು ತಾಲೂಕು, ಹನ್ನೊಂದು ವರ್ಷ, ಎಲ್ಲ ನೆಲಕ್ಕೆ. ತಡೆಯಲು ಹೋದ ನನ್ನ ಬೆನ್ನಿಗೆ ಕಾವು ಬಿತ್ತು, ಉಸಿರು ಕಟ್ಟಿ ಕೂತೆ. ಮೇಡಂ ಕೈಗೆ ಸಿಕ್ಕ ಸೀಸೆಗಳನ್ನೆಲ್ಲ ಒಗೆಯುತ್ತ ನುಗ್ಗಿ ಒಂದೇ ಒಂದು ಕೊಳವೆಯನ್ನು ಬಲ ಮುಷ್ಟಿಯೊಳಗೆ ಹಿಡಿದರು. ಕೆಂಪು ದಾರದ್ದು.

"ಬಿಡು ಅದನ್ನ!" ಎಂದ ಮಲ್ಲಣ್ಣ.

"ಕೈ ಕಡದು ಒಯ್ಯೋ ಹೇತ್ಲಾಂಡಿ!" ಎಂದರು ಮೇಡಂ.

ಅವನು ಬಡಿಗೆಯಿಂದ ಆ ಮುಷ್ಟಿಗೇ ಹೊಡೆದ. ಗಾಜು ಅಂಗೈಯೊಳಗೆ ಪುಡಿಯಾಯಿತು. ಮೇಡಂ ಎಡಗೈಯಿಂದ ಕಬ್ಬಿಣದ ಸ್ಟೂಲು ಎತ್ತಿ ಅವನ ತಲೆಗೆ ಬೀಸಿದರು, ಅವನು ಕುಸಿದ. ಉಳಿದವರು ಅವರ ಮೇಲೆ ಬೀಳುತ್ತಿದ್ದರೇನೋ. ಆದರೆ ಮೇಡಂ ಅಷ್ಟರಲ್ಲಿ ಅವರನ್ನೆಲ್ಲ ಮರೆತು ನೆಲಕ್ಕೆ ಕೂತಿದ್ದರು. ಅಂಗೈಯಿಂದ ಗಾಜು ಸಮೇತ ಕಪ್ಪು ಚೂರುಗಳನ್ನು ಹೆಕ್ಕಿ ಬಟ್ಟಲಿಗೆ ಹಾಕುತ್ತಿದ್ದರು. "ಕಾಕಾ, ನನ್ನ ಕೈ ಮ್ಯಾಲ ಹಿಡೀರಿ, ಜಲ್ದಿ! ರಕ್ತ ಬಿದ್ರ ಇದು ಕೆಡ್ತದ!" ಎಂದು ಕಿರುಚುತ್ತಿದ್ದರು. ಬಡಿಗೆ ಹಿಡಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ರಕ್ತಕ್ಕೆ ಹೆದರಿದರೋ, ಆ ಹೆಣ್ಣುಮಗಳ ಲಕ್ಷ್ಯ ಎಲ್ಲಿದೆ ನೋಡಿ ಹೆದರಿದರೋ, ನನಗೆ ತಿಳಿಯದು. ಬಟ್ಟಲಿನದು ಕೆಟ್ಟೇ ಹೋಯಿತು.

ದವಾಖಾನೆಯಲ್ಲಿ ಒಂದೇ ಬಾಕಿನ ಆ ತುದಿಗೆ ಅವನು, ತಲೆಗೆ ಪಟ್ಟಿ. ಈ ತುದಿಗೆ ಇವರು, ಕೈಗೆ ಪಟ್ಟಿ. ಕಿರುಬೆರಳು, ಉಂಗುರಬೆರಳಿನ ನರ ಕಡಿದಿತ್ತು, ಇನ್ನು ಮಡಚುವುದಿಲ್ಲ ಎಂದಿದ್ದರು ಡಾಕ್ಟರು. ಫೌಜದಾರರು ಕಾಗದ ಹಿಡಿದು ನಿಂತಿದ್ದರು. ಮೇಡಂ ಅವರನ್ನು ಬಿಟ್ಟು ಮಲ್ಲಣ್ಣನ ಕಡೆ ತಿರುಗಿದರು.

"ಜೇಲಿಗಿ ಹೋಗ್ತೀಯೋ, ನನ್ನ ಕೈ ಆಗ್ತೀಯೋ?"

"ಏನಂದ್ರಿ?"

"ನನ್ನ ಕೈ ನೀ ಮುರದೀ. ಇನ್ನ ಗಿಡಾ ಕೀಳಾಂವ ಯಾಂವ? ನೀ ಬಂದು ಕೀಳು. ನಿನ್ನ ಹೊಲದಿಂದ ಶುರು ಮಾಡು. ಆ ಕೊಲೆಗಾರ ನನಗ ತಿರುಗಿ ಬೇಕು."

"ಮಾಟ ಮಾಡಾಕ ಅಲ್ಲಂದ್ರ ನಮ್ಮಪ್ಪನ ಹೆಸರ ಯಾಕ್ ಬರದ್ರಿ?"

"ಮಾಟ ಮಾಡಾಕ ನನಗ ಹನ್ನೊಂದ ವರ್ಷ ಬೇಕಿತ್ತೇನೋ ಮಂಗ್ಯಾ? ಹಂಗಿದ್ರ ಮೊದಲ ಜೇವರ್ಗಿ ಅಂಗಡ್ಯಾಂವನ್ನ ಮುಗಸತಿದ್ದೆ."

ಫೌಜದಾರರೇ ನಕ್ಕುಬಿಟ್ಟರು. ಮಲ್ಲಣ್ಣ ನಗಲಿಲ್ಲ. ಆದರೆ ಬಂದ.

ಬಂದವನ ಕೈಯಿಂದಲೇ ಅವನ ಹೊಲದ ಬೇರು ಬಗೆಸಿದರು, ಅವನ ಕೈಯಿಂದಲೇ ಬೂಷ್ಟು ಬೆಳೆಸಿದರು, ಇಪ್ಪತ್ತು ಒಳ್ಳೆಯ ಸಸಿಗಳ ಬೇರನ್ನು ಅದರಲ್ಲಿ ಅದ್ದಿಸಿದರು. ಎಂಟನೇ ದಿನ ಕಾಗದ ಬಿಚ್ಚಿದಾಗ ಇಪ್ಪತ್ತೂ ಸತ್ತಿದ್ದವು. ಅವನು ಒಂದೊಂದನ್ನೇ ಎತ್ತಿ ನೋಡಿ, "ನಮ್ಮಪ್ಪನ್ನ ಇದು ಕೊಂದಿಲ್ಲೇನ್ರಿ?" ಎಂದು ಕೇಳಿದ.

"ನಿಮ್ಮಪ್ಪನ್ನ ಕೊಂದದ್ದು ಅವರ ಎದಿ. ಹೊಲಾ ಕೊಂದದ್ದು ಇದು." ಕಾಗದ ಮಡಚುತ್ತ, "ಮಜ್ಜಿಗಿ ಕುಡಸಿದ್ರು. ಉಪ್ಪು ಜಾಸ್ತಿ ಆಗಿತ್ತು," ಎಂದರು. ಅವರಿಗೆ ಗೊತ್ತಿದ್ದ ಸಂತಾಪ ಅಷ್ಟೇ.

ಆ ವರ್ಷ ಕರಜಗಿಯಲ್ಲಿ ಅವನ ಹೊಲದ ಅತಿ ಕೆಟ್ಟ ಮೂಲೆಯನ್ನು ಆರಿಸಿ, ಎಲ್ಲೆಲ್ಲಿಂದಲೋ ತರಿಸಿದ ಕಡಲೆ ಬೀಜಗಳನ್ನು ಸಾಲು ಸಾಲಾಗಿ ಬಿತ್ತಿಸಿದರು. ಮಣ್ಣಿಗೆ ಆ ಬೂಷ್ಟನ್ನೂ ಬೆರೆಸಿದರು. ಊರವರು ಬದುವಿನ ಮೇಲೆ ನಿಂತು, "ಏ ಮಲ್ಲ್ಯಾ, ರೋಗ ಬಿತ್ತಾಕತ್ತೀಯೇನೋ? ಕಬ್ಬು ಹಚ್ಚಿದ್ರ ಬೆಲ್ಲರ ತಿಂತಿದ್ದಿ," ಎಂದು ಆಡಿಕೊಂಡರು. ಬಿಸಿಲು ಏರಿತು. ಸಾಲುಗಳು ಒಂದೊಂದೇ ಹುಲ್ಲಿನ ಬಣ್ಣಕ್ಕೆ ತಿರುಗಿದವು. ಕೊನೆಗೆ ಒಂದು ಸಾಲಿನಲ್ಲಿ ಐದು ಗಿಡ ಉಳಿದವು. ಕಾಯಿ ಬಲಿತ ಮೇಲೆ ನಾವು ಮೂವರೂ ಅವುಗಳ ಮುಂದೆ ನಿಂತೆವು. ಮೇಡಂ, "ಕೀಳು," ಎಂದರು.

"ಉಳದಾವ್ರಿ ಮೇಡಂ. ಇರ್ಲಿ ಬಿಡ್ರಿ."

"ಬೇರ ನೋಡಲಾರದ ಉಳದಾವಂತ ಹೆಂಗ ಅನ್ನೂದೋ? ಕೀಳಂದೆ!"

ಅವನು ಹಗುರಾಗಿ ಹಿಡಿದೆಳೆದ. ಆ ಹೊಲದಲ್ಲಿ ಬೇರು ಸಲೀಸಾಗಿ ಮುರಿಯುವುದನ್ನೇ ನೋಡಿದವನಲ್ಲವೇ, ಗಿಡ ಬರಲಿಲ್ಲ. ಎರಡೂ ಕಾಲು ಊರಿ ಜೀವ ಬಿಟ್ಟು ಎಳೆದ. ಗಿಡ ಬುಡ ಸಮೇತ ಕಿತ್ತು ಬಂದ ರಭಸಕ್ಕೆ ಅವನು ಅಂಗಾತ ಬಿದ್ದ. ಎದೆಯ ಮೇಲೆ ಗಿಡ. ಬಿಳಿ ಬೇರು, ಮೈತುಂಬ ಎಳೆಬೇರು, ತುದಿಯವರೆಗೂ ಇಡಿಯಾಗಿ.

"ಏಳು," ಎಂದರು ಮೇಡಂ. "ಇನ್ನಾ ನಾಕ ಅದಾವ."

ನಾಲ್ಕರಲ್ಲಿ ಮೂರು ಮುರಿದವು, ಒಂದು ಬಂತು. ಆ ಎರಡು ಗಿಡದ ಕಾಳನ್ನು ಮೇಡಂ ಸೆರಗಿನ ತುದಿಗೆ ಕಟ್ಟಿಕೊಂಡರು. ಎರಡು ಹಂಗಾಮು ಕಳೆದ ಮೇಲೆ ಅದು ಮಲ್ಲಣ್ಣನ ಹೊಲದಲ್ಲಿ ಒಂದು ಚೀಲವಾಯಿತು. ಬೀಜ ಅವನ ಮನೆಯಲ್ಲೇ ಇಟ್ಟು ಎಚ್ಚರ ಹೇಳಿದರು: "ಇದು ನಿಮ್ಮೂರಾಂವನ್ನ ಗೆದ್ದದ. ಬ್ಯಾರೆ ಊರಾಂವನ್ನ ಇನ್ನಾ ಕಂಡಿಲ್ಲ. ಹೊರಗ ಒಂದ ಹಿಡಿ ಕೊಟ್ಟೀ ಅಂದ್ರ ಉಳದ ಮೂರ ಬೆರಳಲೇ ಕುತ್ತಿಗಿ ಹಿಚಕ್ತೇನಿ."

ಅವನು ಯಾರಿಗೂ ಕೊಡಲಿಲ್ಲ. ಕೇಳಲು ಬಂದ ಸಾಹುಕಾರರನ್ನೂ ಬಾಗಿಲಿನಿಂದಲೇ ಕಳಿಸಿದ. ಆದರೆ ಪಂಚಮಿಗೆ ಅಕ್ಕ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಸರಸಂಬಾಕ್ಕೆ. ತಂದೆ ಇಲ್ಲದ ಮನೆಯಿಂದ ಮಗಳು ಬರಿ ಉಡಿಯಲ್ಲಿ ಹೋಗಬಾರದು. ಉಡಿ ತುಂಬುವಾಗ ಅಕ್ಕಿಯ ಜೊತೆ ಐದು ಹಿಡಿ ಆ ಕಡಲೆ ಹಾಕಿದ. ಮನಸ್ಸು ತಡೆಯದೆ ಒಂದು ಎಕರೆಗೆ ಸಾಕಾಗುವಷ್ಟನ್ನು ಚೀಲ ಕಟ್ಟಿ ಬಸ್ಸಿಗೂ ಏರಿಸಿದ. ಅಕ್ಕ ತಂಗಿಯರಿಗೆ ಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಹೊರಗೆ ಕೊಟ್ಟದ್ದು ಎನ್ನುವುದಿಲ್ಲ.

ಕಾಯಿಗಟ್ಟುವ ಕಾಲಕ್ಕೆ ಸರಸಂಬಾದಿಂದ ಫೋನು ಬಂತು. ಆ ಎಕರೆ ಕೊನೆಯ ಗಿಡದವರೆಗೂ ಸತ್ತಿತ್ತು. ಸುತ್ತಲಿನ ಹಳೆಯ ಬೀಜದ ಹೊಲಗಳಲ್ಲಿ ಅರ್ಧವಾದರೂ ಹಸಿರಿತ್ತು. ಮಲ್ಲಣ್ಣ ಜೀಪಿನಲ್ಲಿ ಕೂತ ಮೇಲೆ ಆಳಂದದ ರಸ್ತೆಯಲ್ಲಿ ಬಾಯಿ ಬಿಟ್ಟ. ಮೇಡಂ, "ನಿಂದರಸ್ರಿ ಕಾಕಾ," ಎಂದರು. ಅವನ ಅಂಗಿ ಹಿಡಿದು ಇಳಿಸಿ, "ನಡಕೋತ ಬಾ," ಎಂದರು. ಎರಡು ಮೈಲಿ ಉರಿಬಿಸಿಲಲ್ಲಿ ಅವನು ಮುಂದೆ ನಡೆದ, ನಾನು ಹಿಂದೆ ಎತ್ತಿನ ಗಾಡಿಯ ಹಾಗೆ ಜೀಪು ಓಡಿಸಿದೆ. ಮೇಡಂ ಹೊರಗೆ ನೋಡುತ್ತ ಒಂದೇ ಮಾತು ಹೇಳಿದರು. "ತಪ್ಪು ನಂದು. ಸರಸಂಬಾದಾಂವ ಸೋಮಾರಿ ಅಂದಕೊಂಡಿದ್ದೆ. ಅಂವ ಸುಮ್ಮನ ಕುಂತಿದ್ದ, ಅಷ್ಟ."

ಹೊಲದಲ್ಲಿ ಭಾವ ಕಾಯುತ್ತಿದ್ದ, ಅಕ್ಕನ ಗಂಡ. ಬದುವಿನ ತುಂಬ ಜನ. ಮಲ್ಲಣ್ಣ ಹತ್ತಿರ ಬರುವುದೇ ತಡ, ಎದೆಪಟ್ಟಿ ಹಿಡಿದ.

"ಅಕ್ಕನ ಉಡ್ಯಾಗ ವಿಷ ತುಂಬಿ ಕಳಸ್ತೀಯೇನೋ, ಮಗನ? ನಮ್ಮ ಹೊಲಾ ಉರಿಬೇಕಂತ ಹಚ್ಚಿಯೇನು?"

ಮೂಗಿನ ಮೇಲೆ ಮುಷ್ಟಿ ಬಿತ್ತು. ಎರಡನೆಯದು ಬಾಯಿಗೆ. ಅಕ್ಕ, "ಬಿಡ್ರಿ, ಸಾಯ್ತಾನ!" ಎಂದು ಚೀರುತ್ತ ಗಂಡನ ಕೈಗೆ ಜೋತುಬಿದ್ದಳು, ಅವನು ಕೊಡವಿದ್ದಕ್ಕೆ ಹೆಂಟೆಗಳ ಮೇಲೆ ಹೋಗಿ ಬಿದ್ದಳು. ಅಕ್ಕ ಬಿದ್ದದ್ದನ್ನು ಕಂಡು ಮಲ್ಲಣ್ಣನ ಕೈ ಮೇಲೆ ಹೋಯಿತು. ಆ ಕೈ ಏನು ಮಾಡಬಲ್ಲದೆಂದು ನನಗೆ ಗೊತ್ತಿತ್ತು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಅವನು ಮಂಡಿಯೂರಿ ಕೂತಿದ್ದ. ಸತ್ತ ಗಿಡವೊಂದನ್ನು ಎಳೆದು, ಮುರಿದ ಅರ್ಧವನ್ನು ಪಕ್ಕಕ್ಕೆ ಒಗೆದು, ಸ್ಕ್ರೂಡ್ರೈವರಿನಿಂದ ಬಿರುಕು ಬಗೆಯುತ್ತಿದ್ದ. ಭಾವ ಬೆನ್ನಿಗೆ ಒದ್ದ. ಅವನು ಮುಂದೆ ಮುಗ್ಗರಿಸಿ ಮತ್ತೆ ಅದೇ ಬಿರುಕಿಗೆ ಬಂದ. ಇನ್ನೊಮ್ಮೆ ಕಾಲೆತ್ತುವಷ್ಟರಲ್ಲಿ ಮೇಡಂ ನಡುವೆ ಹೋಗಿ ನಿಂತಿದ್ದರು, ಮಡಚದ ಎರಡು ಬೆರಳಿನ ಕೈಯನ್ನು ಭಾವನ ಎದೆಗೆ ಊರಿ.

"ಅಂವನ್ನ ಆಮ್ಯಾಗ ಬಡಿ, ನಾನೂ ಬಡೀತೇನಿ. ಮೊದಲ ಅಂವ ಅದನ್ನ ತಗೀಲಿ." ಮಲ್ಲಣ್ಣನ ಕಡೆ ತಿರುಗಿ, "ಲೇ, ಮೂಗು ಆ ಕಡಿ ಹೊಳ್ಳಸು. ರಕ್ತ ಬೇರಿಗಿ ಹತ್ತತದ!" ಎಂದು ಒದರಿದರು.

ಅವನು ಮುಖ ಹೊರಳಿಸಿಕೊಂಡೇ ಬಗೆದ. ಬೇರಿನ ತುದಿ ಸಿಕ್ಕಿತು. ಉಗುರಿನಿಂದ ಸೀಳಿ, ಕಪ್ಪು ಚುಕ್ಕೆ ಕಾಣುವಂತೆ ಮಾಡಿ, ಕೂತಲ್ಲಿಂದಲೇ ಮೇಲೆ ಚಾಚಿದ.

"ನೋಡ್ರಿ ಭಾವ. ಕೊಂದಂವ ಇಲ್ಲಿ ಅದಾನ."

ಭಾವನ ಮುಷ್ಟಿ ಇನ್ನೂ ಬಿಗಿದೇ ಇತ್ತು. ಬೇರನ್ನು ಹಿಡಿಯಲು ಅದನ್ನು ಬಿಡಿಸಬೇಕಾಯಿತು.